ಬೇಲಿಯ ಶಂಖಪುಷ್ಪ ಕುಂಡದಲ್ಲೇಕೆ ಹೂ ಬಿಡುತ್ತಿಲ್ಲ?

ಪ್ರಶ್ನೆ: ಬೇಲಿಯ ಮೇಲೆ ತಾನಾಗಿ ಹಬ್ಬಿದ್ದ ಶಂಖಪುಷ್ಪದ ಒಣಕಾಯಿಗಳನ್ನು ಬಿಡಿಸಿ ತಂದು ಮೂವತ್ತು ಬೀಜ ಬಿತ್ತಿದೆ. ಮೂರು ವಾರ ಕಾದರೂ ಮೊಳೆತದ್ದು ಎರಡೇ. ಅವು ಗೇಣುದ್ದ ಬೆಳೆದ ಮೇಲೆ ಟ್ರೇಯಿಂದ ಎತ್ತಿ ದೊಡ್ಡ ಕುಂಡಗಳಿಗೆ ನೆಟ್ಟೆ. ಒಂದು ನಾಲ್ಕೇ ದಿನದಲ್ಲಿ ಬಾಡಿಹೋಯಿತು. ಇನ್ನೊಂದಕ್ಕೆ ಈಗ ನಾಲ್ಕು ತಿಂಗಳು. ಎಲೆಗಳು ಕಡುಹಸಿರಾಗಿ ದಟ್ಟವಾಗಿವೆ, ಆದರೆ ಒಂದು ಮೊಗ್ಗೂ ಕಾಣಿಸಿಲ್ಲ. ದಿನವೂ ನೀರು, ವಾರಕ್ಕೊಮ್ಮೆ ಗೊಬ್ಬರ ಕೊಡುತ್ತಿದ್ದೇನೆ. ಯಾರೂ ಕಣ್ಣೆತ್ತಿ ನೋಡದ ಬೇಲಿಯ ಬಳ್ಳಿ ಮಾತ್ರ ಮೈತುಂಬ ಹೂ ಬಿಟ್ಟಿದೆ. ನನ್ನದೇಕೆ ಹೀಗೆ? ಬೇಲಿಯ ಬಳ್ಳಿಯನ್ನೇ ಬುಡಸಮೇತ ಕಿತ್ತು ತಂದು ನೆಡಬಹುದೇ?

ಉತ್ತರ: ಕೊನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ. ದಯವಿಟ್ಟು ಬೇಲಿಯ ಬಳ್ಳಿಯನ್ನು ಕೀಳಬೇಡಿ. ಕಿತ್ತು ತಂದರೆ ನಿಮ್ಮಲ್ಲಿ ಬದುಕುವುದು ಕಷ್ಟ, ಬೇಲಿಯಲ್ಲಂತೂ ಇಲ್ಲವಾಗುತ್ತದೆ. ಕೀಳುವ ಅಗತ್ಯವೂ ಇಲ್ಲ. ನಿಮ್ಮ ಕುಂಡದಲ್ಲಿರುವ ಬಳ್ಳಿ ಆರೋಗ್ಯವಾಗಿಯೇ ಇದೆ, ಅದಕ್ಕೆ ಕೊಡುತ್ತಿರುವ ಆರೈಕೆಯನ್ನು ಸ್ವಲ್ಪ ಕಡಿಮೆ ಮಾಡಿದರೆ ಸಾಕು. ಬೀಜ ಮೊಳೆಯದಿದ್ದದ್ದು, ಸಸಿ ಬಾಡಿದ್ದು, ಹೂ ಬಾರದಿರುವುದು ಮೂರು ಬೇರೆ ಬೇರೆ ತೊಂದರೆಗಳಂತೆ ಕಂಡರೂ ಮೂಲ ಒಂದೇ. ಇದು ಬರಡು ನೆಲದಲ್ಲಿ, ಮಳೆ ಬಂದಾಗ ಕುಡಿದು ಬಾರದಾಗ ತಾಳಿಕೊಂಡು ಬದುಕುವುದನ್ನು ಕಲಿತ ಗಿಡ. ಗಟ್ಟಿ ಸಿಪ್ಪೆಯ ಬೀಜ, ಆಳಕ್ಕಿಳಿಯುವ ತಾಯಿಬೇರು, ಗಾಳಿಯ ಸಾರಜನಕವನ್ನು ಪಡೆಯುವ ವ್ಯವಸ್ಥೆ, ಇವು ಮೂರೂ ಅದರ ಬದುಕಿನ ಬಂಡವಾಳ. ಬದನೆ, ಟೊಮೆಟೊ ಸಸಿಗೆ ಮಾಡುವ ಉಪಚಾರವನ್ನೇ ಇದಕ್ಕೂ ಮಾಡಿದಾಗ ಈ ಬಂಡವಾಳವೇ ಅದಕ್ಕೆ ಅಡ್ಡಿಯಾಗುತ್ತದೆ.

ಮುಂದೆ ಹೋಗುವ ಮೊದಲು ನಿಮ್ಮ ಬಳ್ಳಿ ಶಂಖಪುಷ್ಪವೇ ಹೌದೇ ಎಂದು ಖಚಿತ ಮಾಡಿಕೊಳ್ಳಿ. ಹೂವಿಲ್ಲದ ಬಳ್ಳಿಯನ್ನೂ ಎಲೆ ನೋಡಿ ಗುರುತಿಸಬಹುದು. ಶಂಖಪುಷ್ಪದ ಒಂದು ಎಲೆಯಲ್ಲಿ ಸಾಮಾನ್ಯವಾಗಿ ಐದು ಅಥವಾ ಏಳು ಕಿರುಎಲೆಗಳಿರುತ್ತವೆ. ಅವು ಕಡ್ಡಿಯ ಎರಡು ಬದಿಗೂ ಜೋಡಿಜೋಡಿಯಾಗಿ ಕೂತಿರುತ್ತವೆ, ತುದಿಯಲ್ಲಿ ಒಂದು ಒಂಟಿಯಾಗಿರುತ್ತದೆ. ಬೆಳೆದ ಬಳ್ಳಿಯ ಎಲ್ಲ ಎಲೆಗಳಲ್ಲೂ ಬರೀ ಮೂರು ಮೂರು ಕಿರುಎಲೆಗಳಿದ್ದರೆ ಅದು ಬೇರೆ ಗಿಡ. ಅಮೆರಿಕ ಖಂಡದಿಂದ ಬಂದು ರಬ್ಬರ್ ತೋಟಗಳಲ್ಲಿ ನೆಲದ ಹೊದಿಕೆಯಾಗಿ ಹಬ್ಬಿದ ಸೆಂಟ್ರೋಸೀಮಾ ಎಂಬ ಬಳ್ಳಿಯೂ ಬೇಲಿಗಳ ಮೇಲೆ ಸಿಗುತ್ತದೆ. ಅದರ ಹೂವು ತಿಳಿ ನೇರಳೆ, ಆಕಾರ ಬಹುಮಟ್ಟಿಗೆ ಶಂಖಪುಷ್ಪದ್ದೇ. ದೊಡ್ಡ ಎಸಳಿನ ಬೆನ್ನಿನ ಮೇಲೆ ಬುಡದ ಹತ್ತಿರ ಒಂದು ಪುಟ್ಟ ಮೊಳೆಯಂತಹ ಚೂಪು ಇರುವುದು ಅದರ ಗುರುತು. ನೀವು ಎಲೆಗಳನ್ನು ಎಣಿಸಿ ನೋಡಿ. ಐದೋ ಏಳೋ ಇದ್ದರೆ ಮುಂದಿನದನ್ನು ಓದಿ.

ಈಗ ಬೀಜದ ವಿಷಯ. ಮೂವತ್ತರಲ್ಲಿ ಎರಡೇ ಮೊಳೆತವು ಎಂದರೆ ಉಳಿದ ಇಪ್ಪತ್ತೆಂಟು ಸತ್ತಿವೆ ಎಂದುಕೊಳ್ಳಬೇಡಿ. ಆ ಟ್ರೇಯ ಮಣ್ಣನ್ನು ಚೆಲ್ಲಿರದಿದ್ದರೆ ಒಂದು ಜರಡಿಯಲ್ಲಿ ಹಾಕಿ ನೀರಿನಲ್ಲಿ ತೊಳೆಯಿರಿ. ಬಿತ್ತಿದಾಗ ಹೇಗಿದ್ದವೋ ಹಾಗೆಯೇ ಗಟ್ಟಿಯಾಗಿ, ಹೊಳೆಯುತ್ತಾ ಬಹುಪಾಲು ಬೀಜಗಳು ಸಿಗುವ ಸಾಧ್ಯತೆ ಇದೆ. ಉಗುರಿನಿಂದ ಒತ್ತಿದರೆ ಮೆತ್ತಗೆ ಪಿಚಕ್ಕೆನ್ನುವವು ಕೊಳೆತವು, ಎಸೆಯಿರಿ. ಕಲ್ಲಿನಂತೆ ಗಟ್ಟಿ ಇರುವವು ಜೀವಂತವಾಗಿರಬಹುದು. ಅಷ್ಟು ವಾರ ಒದ್ದೆ ಮಣ್ಣಿನಲ್ಲಿದ್ದರೂ ಅವುಗಳ ಒಳಗೆ ನೀರೇ ಹೋಗಿಲ್ಲ.

ಅವರೆ, ತೊಗರಿ, ಹೆಸರಿನ ಬೀಜವನ್ನು ರಾತ್ರಿ ನೆನೆಸಿದರೆ ಬೆಳಗ್ಗೆ ಉಬ್ಬಿರುತ್ತದೆ. ಅವೂ ಇದೇ ಕುಟುಂಬದವು. ಆದರೆ ಸಾವಿರಾರು ವರ್ಷ ಮನುಷ್ಯ ಬಿತ್ತಿ ಕೊಯ್ದು ಬಿತ್ತಿ, ಬೇಗ ಮೊಳೆಯುವ ಬೀಜಗಳೇ ಅವುಗಳಲ್ಲಿ ಉಳಿದುಕೊಂಡಿವೆ. ಕಾಡಿನ ಬಟಾಣಿ ಜಾತಿಗಳಿಗೆ ಆ ಅವಸರವಿಲ್ಲ. ಅವುಗಳ ಸಿಪ್ಪೆಯಲ್ಲಿ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದಂತಹ ಜೀವಕೋಶಗಳ ಒಂದು ಪದರವಿದೆ, ನೀರನ್ನು ಹೊರಗೇ ತಡೆಯುವುದು ಅದೇ. ಬೀಜವನ್ನು ಬೆಳಕಿಗೆ ಹಿಡಿದು ನೋಡಿದರೆ ಅಂಚಿನಲ್ಲಿ ಒಂದು ಸಣ್ಣ ಕಲೆ ಕಾಣುತ್ತದೆ. ಬೀಜ ಕಾಯಿಗೆ ಅಂಟಿಕೊಂಡಿದ್ದ ಜಾಗ ಅದು, ಬೀಜದ ಹೊಕ್ಕುಳು. ಈ ಕುಟುಂಬದ ಹಲವು ಗಿಡಗಳ ಬೀಜಗಳಲ್ಲಿ ಆ ಹೊಕ್ಕುಳಿನ ಸೀಳು ಒಮ್ಮುಖದ ಕವಾಟದ ಹಾಗೆ ಕೆಲಸ ಮಾಡುತ್ತದೆ ಎಂದು ಸಸ್ಯಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಹೊರಗೆ ಗಾಳಿ ಒಣಗಿದ್ದಾಗ ಅದು ತೆರೆದು ಒಳಗಿನ ತೇವವನ್ನು ಹೊರಕ್ಕೆ ಬಿಡುತ್ತದೆ, ಗಾಳಿಯಲ್ಲಿ ತೇವ ಏರಿದೊಡನೆ ಮುಚ್ಚಿಕೊಳ್ಳುತ್ತದೆ. ಹೀಗಾಗಿ ಬಿಸಿಲಿನಲ್ಲಿ ಬೀಜ ಒಣಗುತ್ತಲೇ ಹೋಗುತ್ತದೆ, ಮಳೆಯಲ್ಲಿ ಮಾತ್ರ ನೆನೆಯುವುದಿಲ್ಲ.

ಇಂಥ ಬೀಜ ಕೊನೆಗೆ ಮೊಳೆಯುವುದು ಹೇಗೆ? ಬಯಲಿನಲ್ಲಿ ಮಣ್ಣಿನ ಮೇಲ್ಪದರ ಹಗಲು ಕಾದು ರಾತ್ರಿ ತಣಿಯುತ್ತದೆ. ಈ ಏರಿಳಿತ ತಿಂಗಳುಗಟ್ಟಲೆ ನಡೆದಾಗ ಹೊಕ್ಕುಳಿನ ಪಕ್ಕದ ದುರ್ಬಲ ಜಾಗದಲ್ಲಿ ಸಿಪ್ಪೆ ಬಿರುಕು ಬಿಡುತ್ತದೆ. ಕೆಲವು ಬೀಜಗಳು ದನದ ಹೊಟ್ಟೆ ಹೊಕ್ಕು ಹೊರಬರುವಾಗ ಸಿಪ್ಪೆ ತೆಳುವಾಗುತ್ತದೆ. ಒಂದೇ ಕಾಯಿಯ ಎಂಟು ಬೀಜಗಳಲ್ಲಿ ಒಂದು ಈ ಮಳೆಗೆ, ಎರಡು ಮುಂದಿನ ವರ್ಷಕ್ಕೆ, ಇನ್ನೊಂದು ಅದರಾಚೆ ಎಂಬಂತೆ ಮೊಳಕೆ ಹಂಚಿಹೋಗುತ್ತದೆ. ಒಂದು ಮಳೆ ಬಂದು ಆಮೇಲೆ ತಿಂಗಳುಗಟ್ಟಲೆ ಬರ ಬಿದ್ದರೂ ಸಂತತಿ ಪೂರ್ತಿ ಅಳಿಯದಿರಲಿ ಎಂಬ ಏರ್ಪಾಡು ಇದು. ನಿಮ್ಮ ಟ್ರೇಯಲ್ಲಿ ಮೊಳೆತ ಆ ಎರಡು, ಬಹುಶಃ ಬೇಲಿಯಲ್ಲಿರುವಾಗಲೇ ಸಿಪ್ಪೆ ಬಿರಿದಿದ್ದ ಬೀಜಗಳು.

ನಮಗೆ ಅಷ್ಟು ಕಾಲ ಕಾಯಲು ಆಗದು, ಆದ್ದರಿಂದ ಸಿಪ್ಪೆಯನ್ನು ನಾವೇ ಗೀರಬೇಕು. ಇದಕ್ಕೆ ಉಪ್ಪುಕಾಗದ, ಅಂದರೆ ಸ್ಯಾಂಡ್‌ಪೇಪರ್ ಸಾಕು. ಬೀಜವನ್ನು ಎರಡು ಬೆರಳಲ್ಲಿ ಹಿಡಿದು, ಹೊಕ್ಕುಳಿಗೆ ವಿರುದ್ಧವಾದ ಬದಿಯನ್ನು ಕಾಗದದ ಮೇಲೆ ನಾಲ್ಕಾರು ಸಲ ಉಜ್ಜಿ. ಕಡುಬಣ್ಣದ ಹೊರಸಿಪ್ಪೆ ಸವೆದು ಒಳಗಿನ ತಿಳಿಬಣ್ಣ ಸಾಸಿವೆ ಕಾಳಿನ ಅರ್ಧದಷ್ಟು ಕಂಡಕೂಡಲೇ ನಿಲ್ಲಿಸಿ. ಇನ್ನೂ ಉಜ್ಜಿದರೆ ಒಳಗಿನ ಬೇಳೆಗೆ ಗಾಯವಾಗಿ ಮಣ್ಣಿನಲ್ಲಿ ಬೂಷ್ಟು ಹಿಡಿಯುತ್ತದೆ. ಹೊಕ್ಕುಳಿನ ಕಡೆ ಏಕೆ ಉಜ್ಜಬಾರದು ಎಂದರೆ, ಮೊದಲ ಬೇರಾಗಿ ಹೊರಬರುವ ಮೊಳಕೆಯ ತುದಿ ಸರಿಯಾಗಿ ಅಲ್ಲೇ, ಸಿಪ್ಪೆಯ ಅಡಿಯಲ್ಲೇ ಮಡಚಿಕೊಂಡು ಕೂತಿರುತ್ತದೆ. ಕಣ್ಣು ಚುರುಕಾಗಿ ಕೈ ಸ್ಥಿರವಾಗಿದ್ದರೆ ನೇಲ್ ಕಟರ್‌ನ ತುದಿಯಿಂದ ಸಿಪ್ಪೆಯನ್ನು ಚೂರು ಕತ್ತರಿಸಲೂಬಹುದು. ಕುದಿಯುವುದಕ್ಕಿಂತ ಸ್ವಲ್ಪ ಕಡಿಮೆ ಬಿಸಿಯ ನೀರನ್ನು ಬೀಜಗಳ ಮೇಲೆ ಸುರಿದು ತಣಿಯಲು ಬಿಡುವ ಪದ್ಧತಿಯೂ ಇದೆ. ನೂರಾರು ಬೀಜ ಬಿತ್ತುವವರಿಗೆ ಅದು ಅನುಕೂಲ. ಮೂವತ್ತು ಬೀಜಕ್ಕೆ ನಾನು ಅದನ್ನು ಹೇಳುವುದಿಲ್ಲ. ಸಿಪ್ಪೆ ಆಗಲೇ ಬಿರಿದಿದ್ದ ಒಳ್ಳೆಯ ಬೀಜಗಳೇ ಬಿಸಿನೀರಿಗೆ ಮೊದಲು ಸಾಯುತ್ತವೆ.

ಉಜ್ಜಿದ ಬೀಜಗಳನ್ನು ಸಂಜೆ ಸಾಧಾರಣ ನೀರಿನಲ್ಲಿ ಹಾಕಿ, ಬೆಳಗ್ಗೆ ನೋಡಿ. ನೀರು ಹೀರಿದವು ಎದ್ದು ಕಾಣುವಷ್ಟು ಉಬ್ಬಿ, ಹೊಳಪು ಕಳೆದುಕೊಂಡಿರುತ್ತವೆ. ಅವನ್ನು ಅಂದೇ ಬಿತ್ತಿ. ಮೊದಲಿನಂತೆಯೇ ಚಿಕ್ಕದಾಗಿ ಉಳಿದವುಗಳನ್ನು ಒರೆಸಿ, ಇನ್ನೊಮ್ಮೆ ಉಜ್ಜಿ, ಮತ್ತೆ ನೆನೆಸಿ. ಈ ಬೇರ್ಪಡಿಸುವ ಕೆಲಸವನ್ನು ಬಿಡಬೇಡಿ. ಯಾವ ಬೀಜ ಮೊಳೆಯುತ್ತದೆ, ಯಾವುದು ಇಲ್ಲ ಎಂಬುದು ಮಣ್ಣಿಗೆ ಹೋಗುವ ಮೊದಲೇ ಇಲ್ಲಿ ತಿಳಿದುಬಿಡುತ್ತದೆ. ಒಂದು ದಿನಕ್ಕಿಂತ ಹೆಚ್ಚು ನೀರಿನಲ್ಲಿ ಬಿಟ್ಟರೆ ಉಸಿರಿಲ್ಲದೆ ಕೊಳೆಯುತ್ತವೆ. ಉಬ್ಬಿದ ಬೀಜವನ್ನು ಸುಮಾರು 2 ಸೆಂಟಿಮೀಟರ್ ಆಳದಲ್ಲಿ ಹಾಕಿ ಮಣ್ಣು ಮುಚ್ಚಿದರೆ, ಹವೆ ಬೆಚ್ಚಗಿದ್ದಲ್ಲಿ ವಾರದ ಆಸುಪಾಸಿನಲ್ಲಿ ತಲೆ ಎತ್ತುತ್ತದೆ. ಇದು ಬಿಸಿನಾಡಿನ ಗಿಡ. ಚಳಿ ಹಿಡಿದ ಮಣ್ಣಿನಲ್ಲಿ ಎಷ್ಟೇ ಚೆನ್ನಾಗಿ ಉಜ್ಜಿದ ಬೀಜವೂ ಮೊಳೆಯುವ ಮೊದಲು ಕೊಳೆಯುತ್ತದೆ, ಆದ್ದರಿಂದ ಚಳಿ ಕಳೆದ ಮೇಲೆ ಬಿತ್ತುವುದು ಒಳ್ಳೆಯದು.

ಇನ್ನು ಬಾಡಿಹೋದ ಸಸಿ. ನೀವು ಗೇಣುದ್ದ ಎಂದು ಬರೆದದ್ದು ಮಣ್ಣಿನ ಮೇಲಿನ ಉದ್ದವನ್ನು. ಅಷ್ಟು ಹೊತ್ತಿಗೆ ಅದರ ತಾಯಿಬೇರು ಟ್ರೇಯ ತಳ ಮುಟ್ಟಿ, ಅಲ್ಲಿಂದ ಮುಂದೆ ಹೋಗಲಾರದೆ ಸುತ್ತಿಕೊಂಡಿತ್ತು. ಎತ್ತುವಾಗ ಆ ಬೇರಿನ ತುದಿ ಹರಿದಿರಬೇಕು. ಟೊಮೆಟೊ ಸಸಿಗೆ ಹೀಗಾದರೆ ಪಕ್ಕದಿಂದ ನಾರುಬೇರು ಹೊರಡಿಸಿ ವಾರದಲ್ಲಿ ಚೇತರಿಸಿಕೊಳ್ಳುತ್ತದೆ. ಶಂಖಪುಷ್ಪದ ಎಳೆಯ ಸಸಿ ಎಲ್ಲವನ್ನೂ ಒಂದೇ ಬೇರಿನ ಮೇಲೆ ಹೂಡಿರುತ್ತದೆ. ಬರದಲ್ಲೂ ಅದನ್ನು ಕಾಪಾಡುವುದು ನೇರ ಕೆಳಗಿಳಿಯುವ ಆ ಬೇರೇ, ಸ್ಥಳ ಬದಲಾಯಿಸಿದಾಗ ಮೊದಲು ಕೊಲ್ಲುವುದೂ ಅದರ ಗಾಯವೇ. ಬೇಲಿಯ ಬಳ್ಳಿಯನ್ನು ಕೀಳಬೇಡಿ ಎಂದದ್ದಕ್ಕೂ ಕಾರಣ ಇದೇ. ವರ್ಷಗಟ್ಟಲೆ ಬೆಳೆದ ಬಳ್ಳಿಯ ಬೇರು ಮರದಂತೆ ಗಟ್ಟಿಯಾಗಿ ಆಳಕ್ಕೆ ಹೋಗಿರುತ್ತದೆ. ಎಷ್ಟೇ ಅಗೆದರೂ ನಿಮ್ಮ ಕೈಗೆ ಸಿಗುವುದು ಅದರ ಮೇಲಿನ ಮೋಟು ಮಾತ್ರ.

ಹಾಗಾಗಿ ಬಳ್ಳಿ ಎಲ್ಲಿ ಬೆಳೆಯಬೇಕೋ ಅಲ್ಲೇ ಬೀಜ ಹಾಕಿ. ನೆಲವಿದ್ದರೆ ನೆಲದಲ್ಲಿ, ಇಲ್ಲವಾದರೆ ಕೊನೆಯವರೆಗೂ ಇರುವ ಕುಂಡದಲ್ಲೇ. ಕುಂಡ ಅಗಲಕ್ಕಿಂತ ಆಳವಾಗಿರಲಿ. ಒಂದು ಬಳ್ಳಿಗೆ ಒಂದು ಅಡಿಯಷ್ಟು ಆಳ ಕನಿಷ್ಠ ಬೇಕು, ಒಂದೂವರೆ ಅಡಿ ಇದ್ದರೆ ಚೆನ್ನ. ಮಣ್ಣಿನ ವಿಷಯದಲ್ಲಿ ಇದು ಹಟಮಾರಿಯಲ್ಲ. ಮರಳಿನಲ್ಲೂ ಬೆಳೆಯುತ್ತದೆ, ಕಪ್ಪು ಎರೆಮಣ್ಣಿನಲ್ಲೂ ಬೆಳೆಯುತ್ತದೆ, ಸ್ವಲ್ಪ ಹುಳಿ ಮಣ್ಣನ್ನೂ ಸ್ವಲ್ಪ ಕ್ಷಾರದ ಮಣ್ಣನ್ನೂ ಸಹಿಸುತ್ತದೆ. ಕುಂಡದ ತಳದಲ್ಲಿ ನೀರು ನಿಲ್ಲದಂತೆ ತೂತುಗಳು ತೆರೆದಿದ್ದರೆ ಆಯಿತು. ಯಾವುದೋ ಕಾರಣಕ್ಕೆ ಮೊದಲು ಬೇರೆಡೆ ಮೊಳೆಸಲೇಬೇಕಾದರೆ, ಕಾಗದವನ್ನು ಉದ್ದ ಕೊಳವೆಯಂತೆ ಸುತ್ತಿ ಮಣ್ಣು ತುಂಬಿ ಅದರಲ್ಲಿ ಒಂದೊಂದೇ ಬೀಜ ಹಾಕಿ. ಎರಡು ಮೂರು ಎಲೆ ಬಂದ ಕೂಡಲೇ, ಬೇರು ತಳ ಮುಟ್ಟುವ ಮೊದಲು, ಕಾಗದ ಸಮೇತ ಗುಂಡಿಗಿಳಿಸಿ. ಕಾಗದದ ಅಂಚು ಮಣ್ಣಿನ ಮೇಲೆ ಉಳಿಯದಂತೆ ಪೂರ್ತಿ ಹೂಳಿ. ಹೊರಗೆ ಉಳಿದ ಅಂಚು ಬತ್ತಿಯಂತೆ ಬೇರಿನ ಸುತ್ತಲ ತೇವವನ್ನು ಮೇಲಕ್ಕೆಳೆದು ಒಣಗಿಸುತ್ತದೆ.

ಕಡ್ಡಿ ನೆಟ್ಟು ಬೆಳೆಸಬಹುದೇ ಎಂದು ಹಲವರು ಕೇಳುತ್ತಾರೆ. ಎಳೆಯ ಕಡ್ಡಿಗಳು ತೇವದ ನೆರಳಿನಲ್ಲಿ ಬೇರು ಬಿಡುತ್ತವೆ, ನಿಜ. ಆದರೆ ಅವಕ್ಕೆ ಬರುವುದು ಪಕ್ಕದ ಬೇರುಗಳು, ಬೀಜದ ಸಸಿಗಿರುವ ತಾಯಿಬೇರಲ್ಲ. ಬೀಜ ಇಷ್ಟು ಸುಲಭವಾಗಿ ಸಿಗುವಾಗ ಕಡ್ಡಿಯ ಗೋಜು ಬೇಡ ಎಂಬುದು ನನ್ನ ಅಭಿಪ್ರಾಯ.

ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಹೂ ಬಾರದಿರುವುದು. ಬೀಜದಿಂದ ಬಂದ ಶಂಖಪುಷ್ಪ ಒಳ್ಳೆಯ ಬಿಸಿಲಿನಲ್ಲಿ ಎರಡು ತಿಂಗಳ ಸುಮಾರಿಗೆ ಹೂ ಕಾಣಿಸುವ ಗಿಡ. ನಾಲ್ಕು ತಿಂಗಳಾದರೂ ಮೊಗ್ಗಿಲ್ಲ, ಎಲೆ ಮಾತ್ರ ಕಡುಹಸಿರು ಎಂದರೆ ಕಾರಣ ವಾರಕ್ಕೊಮ್ಮೆ ಕೊಡುತ್ತಿರುವ ಗೊಬ್ಬರವೇ ಇರಬೇಕು, ಅದರಲ್ಲಿರುವ ಸಾರಜನಕ. ಅದು ಯೂರಿಯಾ ಆಗಲಿ, ಸಗಣಿಯ ನೀರಾಗಲಿ, ಹಿಂಡಿ ನೆನೆಸಿದ ನೀರಾಗಲಿ, ಗಿಡಕ್ಕೆ ಅದರಿಂದ ಸಿಗುವುದು ಮುಖ್ಯವಾಗಿ ಎಲೆ ಬೆಳೆಸುವ ಆಹಾರ. ತಿನ್ನಲು ಇರುವಷ್ಟು ದಿನ ಗಿಡ ಬಳ್ಳಿಯನ್ನು ಉದ್ದ ಮಾಡುತ್ತದೆ, ಎಲೆ ಹರಡುತ್ತದೆ, ಹೂವಿನ ಕೆಲಸವನ್ನು ಮುಂದಕ್ಕೆ ಹಾಕುತ್ತದೆ.

ಈ ಗಿಡಕ್ಕೆ ಹೊರಗಿನಿಂದ ಸಾರಜನಕ ಹೆಚ್ಚು ಬೇಕಾಗಿಲ್ಲದಿರುವುದು ಏಕೆ ಎಂಬುದನ್ನು ನೀವು ಕಣ್ಣಾರೆ ನೋಡಬಹುದು. ಕುಂಡದ ಅಂಚಿನಲ್ಲಿ, ಬುಡದಿಂದ ದೂರದಲ್ಲಿ, ಬೆರಳಿನಿಂದ ಮಣ್ಣನ್ನು ಮೆಲ್ಲಗೆ ಸರಿಸಿ ಒಂದೆರಡು ಸಣ್ಣ ಬೇರುಗಳನ್ನು ಬಿಡಿಸಿ. ಅವುಗಳ ಮೇಲೆ ದುಂಡನೆಯ ಗಂಟುಗಳಿವೆಯೇ ನೋಡಿ. ಮಣ್ಣಿನ ರೈಜೋಬಿಯಂ ಜಾತಿಯ ಬ್ಯಾಕ್ಟೀರಿಯಾಗಳು ಬೇರಿನೊಳಗೆ ಹೊಕ್ಕು, ಗಿಡ ಕೊಟ್ಟ ಸಕ್ಕರೆಯನ್ನು ತಿಂದು, ಗಾಳಿಯ ಸಾರಜನಕವನ್ನು ಗಿಡಕ್ಕೆ ದಕ್ಕುವ ರೂಪಕ್ಕೆ ತರುವ ಜಾಗ ಅದು. ಒಂದು ಗಂಟನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪು ಬಣ್ಣವಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಸಂಬಂಧಿಯಾದ ಒಂದು ಪ್ರೋಟೀನು ಅಲ್ಲಿ ಆಮ್ಲಜನಕವನ್ನು ಹಿಡಿದಿಟ್ಟು, ಬ್ಯಾಕ್ಟೀರಿಯಾಗಳಿಗೆ ಅಳತೆಯಲ್ಲಿ ಒದಗಿಸುತ್ತದೆ. ಆ ಕೆಂಪು ಅದರದ್ದು. ಒಳಗೆ ಹಸಿರಾಗಿ ಅಥವಾ ಕಂದಾಗಿ ಇದ್ದರೆ ಗಂಟು ಮುದಿಯಾಗಿದೆ, ಕೆಲಸ ನಿಂತಿದೆ. ಗಂಟುಗಳೇ ಇಲ್ಲದಿದ್ದರೆ, ಗೊಬ್ಬರದ ಸಾರಜನಕ ಧಾರಾಳವಾಗಿ ಸಿಗುತ್ತಿರುವುದರಿಂದ ಗಿಡ ಬ್ಯಾಕ್ಟೀರಿಯಾಗಳಿಗೆ ಸಕ್ಕರೆ ಖರ್ಚು ಮಾಡುವುದನ್ನೇ ಕೈಬಿಟ್ಟಿದೆ ಎಂದು ಊಹಿಸಬಹುದು. ನಿಮ್ಮ ಕುಂಡದಲ್ಲಿ ಗಂಟುಗಳು ಸಿಗುವುದು ಅಪರೂಪ ಎಂದೇ ನನ್ನ ಎಣಿಕೆ.

ಇಲ್ಲಿ ಒಂದು ಎಚ್ಚರಿಕೆ. ಬೇರನ್ನು ಹಾಳುಮಾಡುವ ಜಂತುಹುಳುಗಳೂ ಗಂಟು ಮಾಡುತ್ತವೆ. ಒಳ್ಳೆಯ ಗಂಟು ಬೇರಿನ ಪಕ್ಕಕ್ಕೆ ಮಣಿಯಂತೆ ಅಂಟಿಕೊಂಡಿರುತ್ತದೆ, ಉಗುರು ತಾಗಿಸಿದರೆ ಉದುರುತ್ತದೆ. ಜಂತುಹುಳುವಿನ ಗಂಟಿನಲ್ಲಿ ಬೇರೇ ಊದಿಕೊಂಡಿರುತ್ತದೆ, ಕೀಳಲು ಹೋದರೆ ಬೇರೂ ಜೊತೆಗೇ ಹರಿಯುತ್ತದೆ. ಎರಡನೆಯದು ಕಂಡರೆ ಆ ಮಣ್ಣನ್ನು ಬೇರೆ ಕುಂಡಗಳಿಗೆ ಬಳಸಬೇಡಿ.

ಈಗ ಮಾಡಬೇಕಾದದ್ದು ಇಷ್ಟು. ಗೊಬ್ಬರವನ್ನು ಇಂದಿಗೇ ನಿಲ್ಲಿಸಿ. ಕುಂಡಕ್ಕೆ ಒಂದೆರಡು ಸಲ, ತಳದಿಂದ ಹರಿದುಹೋಗುವಷ್ಟು ನೀರು ಕೊಟ್ಟು ಉಳಿದಿರುವ ಸಾರವನ್ನು ತೊಳೆಯಿರಿ. ಆಮೇಲೆ ದಿನವೂ ನೀರು ಹಾಕುವ ರೂಢಿಯನ್ನು ಬಿಡಿ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ ನೋಡಿ, ಅಲ್ಲಿಯವರೆಗೆ ಒಣಗಿದ್ದರೆ ಮಾತ್ರ ನೀರು, ಕೊಟ್ಟಾಗ ತುಂಬಾ ಕೊಡಿ. ಮೇಲ್ಮೇಲೆ ದಿನವೂ ಚಿಮುಕಿಸಿದರೆ ಬೇರು ಆಳಕ್ಕೆ ಹೋಗುವುದನ್ನೇ ಮರೆಯುತ್ತದೆ. ಕುಂಡದ ಮಣ್ಣು ಬೇಲಿಯ ನೆಲಕ್ಕಿಂತ ಬೇಗ ಕಾಯುತ್ತದೆ, ಬೇಗ ಒಣಗುತ್ತದೆ. ಆದ್ದರಿಂದ ಬೇಲಿಯ ಬಳ್ಳಿಯಂತೆ ಪೂರ್ತಿ ಬಿಟ್ಟುಬಿಡಬಾರದು ಎಂಬುದೂ ನೆನಪಿರಲಿ. ಎಲೆಗಳು ಮಧ್ಯಾಹ್ನ ಜೋತುಬಿದ್ದು ಸಂಜೆಗೆ ಸರಿಯಾದರೆ ಚಿಂತೆಯಿಲ್ಲ. ಬೆಳಗ್ಗೆಯೂ ಜೋತೇ ಇದ್ದರೆ ನೀರು ಸಾಲುತ್ತಿಲ್ಲ, ಅಥವಾ ಬೇರು ಕೊಳೆಯುತ್ತಿದೆ. ಯಾವುದು ಎಂದು ಮಣ್ಣಿಗೆ ಬೆರಳಿಟ್ಟರೆ ಗೊತ್ತಾಗುತ್ತದೆ.

ಬಿಸಿಲು ಎಷ್ಟು ಸಿಗುತ್ತಿದೆ ಎಂದು ನೀವು ಬರೆದಿಲ್ಲ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳುವ ಜಾಗದಲ್ಲಿ ಕುಂಡ ಇಡಿ. ಅರೆನೆರಳಿನಲ್ಲಿ ಶಂಖಪುಷ್ಪ ಬದುಕುತ್ತದೆ, ಎಲೆಗಳೂ ದೊಡ್ಡದಾಗಿ ಚೆಂದ ಕಾಣುತ್ತವೆ, ಹೂವು ಮಾತ್ರ ಎಣಿಸಿದಷ್ಟೇ. ಗೊಬ್ಬರ ನಿಲ್ಲಿಸಿದ ಮೇಲೂ ತಿಂಗಳೊಪ್ಪತ್ತಿನಲ್ಲಿ ಮೊಗ್ಗು ಬಾರದಿದ್ದರೆ ನಾನು ಮೊದಲು ಅನುಮಾನಿಸುವುದು ಬಿಸಿಲನ್ನೇ.

ಹೂವು ಹುಟ್ಟುವುದು ಎಲೆಗಳ ಕಂಕುಳಲ್ಲಿ, ಹೊಸದಾಗಿ ಬೆಳೆದ ಕಡ್ಡಿಗಳಲ್ಲಿ. ಅಂದರೆ ಹೊಸ ಕವಲುಗಳು ಎಷ್ಟಿವೆಯೋ ಅಷ್ಟು ಹೂವು. ನಿಮ್ಮ ಬಳ್ಳಿಯ ಉದ್ದನೆಯ ತುದಿಗಳನ್ನು ಒಂದು ಗೇಣಿನಷ್ಟು ಚಿವುಟಿ. ಎರಡು ವಾರದಲ್ಲಿ ಕೆಳಗಿನ ಗೆಣ್ಣುಗಳಿಂದ ಕವಲುಗಳು ಹೊರಡುತ್ತವೆ. ಮುಂದೆ ಬಿತ್ತುವ ಸಸಿಗಳಿಗೂ ನಾಲ್ಕೈದು ಎಲೆ ಬಂದಾಗ ಒಮ್ಮೆ ತುದಿ ಚಿವುಟಿದರೆ ಬುಡದಿಂದಲೇ ಪೊದೆಯಾಗುತ್ತದೆ.

ಹಬ್ಬಲು ಕೊಡುವ ಆಸರೆ ತೆಳ್ಳಗಿರಲಿ. ಬಟಾಣಿ ಬಳ್ಳಿಗೆ ಎಲೆಯ ತುದಿಯಲ್ಲಿ ಹಿಡಿದುಕೊಳ್ಳುವ ಕುಡಿಬಳ್ಳಿಗಳಿರುತ್ತವೆ. ಶಂಖಪುಷ್ಪಕ್ಕೆ ಅವಿಲ್ಲ, ಅದು ತನ್ನ ಕಾಂಡದಿಂದಲೇ ಆಸರೆಯನ್ನು ಸುತ್ತಿ ಏರುತ್ತದೆ. ಕಾಂಡವೋ ದಾರದಷ್ಟು ಸಣ್ಣ. ದಪ್ಪ ಕಂಬವನ್ನು ಸುತ್ತಲು ಆಗದೆ ಜಾರುತ್ತದೆ. ತಂತಿ, ಹುರಿ, ಬಲೆ, ಬಿದಿರಿನ ತೆಳು ಸೀಳು ಯಾವುದಾದರೂ ಸರಿ. ಎರಡರಿಂದ ಮೂರು ಮೀಟರ್ ಎತ್ತರಕ್ಕೆ ಹೋಗುವ ಬಳ್ಳಿ ಇದು.

ರಂಜಕ, ಪೊಟ್ಯಾಶ್ ಬೇಡವೇ ಎಂದು ನೀವು ಕೇಳಬಹುದು. ಬೇಕು, ಬೇರುಗಂಟುಗಳ ಕೆಲಸಕ್ಕೂ ರಂಜಕ ಬೇಕು. ಕುಂಡ ತುಂಬುವಾಗ ಮಣ್ಣಿನ ಜೊತೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಐದರಲ್ಲೊಂದು ಪಾಲು ಬೆರೆಸಿ, ಒಂದು ಹಿಡಿ ಮೂಳೆಪುಡಿ ಹಾಕಿದರೆ ಮೊದಲ ವರ್ಷಕ್ಕೆ ಸಾಕು. ಆಮೇಲೆ ವರ್ಷಕ್ಕೊಮ್ಮೆ ಮೇಲ್ಮಣ್ಣು ಕೆದಕಿ ಎರಡು ಹಿಡಿ ಎರೆಹುಳು ಗೊಬ್ಬರ ಸೇರಿಸಿ, ಅಷ್ಟೇ.

ಮೊದಲ ಹೂವು ಅರಳಿದ ದಿನ ಅದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಬಟಾಣಿ, ಅವರೆ ಮೊದಲಾದವುಗಳ ಹೂವಿನಲ್ಲಿ ದೊಡ್ಡ ಎಸಳು ಬಾವುಟದಂತೆ ಮೇಲೆ ನಿಂತಿರುತ್ತದೆ. ಎರಡು ರೆಕ್ಕೆ ಎಸಳುಗಳು ಪಕ್ಕದಲ್ಲಿ, ದೋಣಿಯಾಕಾರದ ಎಸಳು ಕೆಳಗಡೆ, ಕೇಸರಗಳೂ ಅಂಡಾಶಯವೂ ಆ ದೋಣಿಯೊಳಗೆ. ಶಂಖಪುಷ್ಪ ಇದನ್ನೆಲ್ಲ ತಲೆಕೆಳಗು ಮಾಡಿದೆ. ದೊಡ್ಡ ನೀಲಿ ಎಸಳು ಕೆಳಗೆ ಹಾಸಿಕೊಂಡಿರುತ್ತದೆ, ದೋಣಿ ಮೇಲ್ಗಡೆ ಇರುತ್ತದೆ. ನಡುವಿನ ಬಿಳಿ ಅಥವಾ ತಿಳಿಹಳದಿ ಪಟ್ಟೆಯನ್ನು ಹಿಡಿದು ಒಳನುಗ್ಗುವ ದುಂಬಿಯ ಬೆನ್ನಿಗೆ ಮೇಲಿನಿಂದ ಪರಾಗ ತಾಗುತ್ತದೆ. ಬೇರೆ ಬಹುಪಾಲು ಬಟಾಣಿ ಜಾತಿಗಳಲ್ಲಿ ಅದು ಹೊಟ್ಟೆಗೆ ತಾಗುತ್ತದೆ. ಬೆಳಗ್ಗೆ ಒಂದು ಬಡಗಿ ದುಂಬಿ ಬಂದು ಇಳಿಯುವುದನ್ನು ಕಾದು ನೋಡಿದರೆ, ಅದು ಹಾರಿಹೋಗುವಾಗ ಬೆನ್ನಿನ ಮೇಲೆ ಬಿಳಿ ಪುಡಿ ಕಾಣಲೂಬಹುದು. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಈ ಗಿಡಕ್ಕೆ ಕ್ಲೈಟೋರಿಯಾ ಟರ್ನೇಟಿಯ ಎಂಬ ಹೆಸರು ಕೊಟ್ಟ. ಎರಡನೆಯ ಪದ ಇಂದಿನ ಇಂಡೋನೇಷ್ಯಾದ ಟರ್ನಾಟೆ ದ್ವೀಪದ್ದು. ಆದರೆ ಇದು ಆ ದ್ವೀಪಕ್ಕಷ್ಟೇ ಸೇರಿದ್ದಲ್ಲ, ಬಿಸಿನಾಡುಗಳಲ್ಲೆಲ್ಲ ಹರಡಿದೆ.

ಇಷ್ಟೆಲ್ಲ ಏರ್ಪಾಡು ಇದ್ದರೂ ಶಂಖಪುಷ್ಪ ದುಂಬಿಯನ್ನೇ ನಂಬಿ ಕೂತಿಲ್ಲ. ಹೂವು ಬಿರಿಯುವ ಮೊದಲೇ ಮೊಗ್ಗಿನೊಳಗೆ ಪರಾಗ ಸ್ಪರ್ಶ ಬಹುಪಾಲು ಮುಗಿದಿರುತ್ತದೆ. ಒಂದೇ ಬಳ್ಳಿ, ಅದೂ ದುಂಬಿ ಬಾರದ ಮಹಡಿಯ ಮೇಲಿದ್ದರೂ, ಕಾಯಿ ಕಚ್ಚುತ್ತದೆ. ಇದರಿಂದ ನಿಮಗೆ ಎರಡು ಅನುಕೂಲ. ನೀಲಿ ಬಳ್ಳಿಯ ಬೀಜದಿಂದ ನೀಲಿಯೇ, ಬಿಳಿಯದ್ದರಿಂದ ಬಿಳಿಯೇ, ಸುತ್ತು ಎಸಳಿನದ್ದರಿಂದ ಸುತ್ತು ಎಸಳೇ ಸಾಮಾನ್ಯವಾಗಿ ಬರುತ್ತದೆ. ಎರಡು ಬಣ್ಣಗಳನ್ನು ಅಕ್ಕಪಕ್ಕ ಬೆಳೆದರೆ ಆಗೊಮ್ಮೆ ಈಗೊಮ್ಮೆ ಬೆರಕೆ ಆಗಬಹುದು. ಎರಡನೆಯ ಅನುಕೂಲವೆಂದರೆ ಬೀಜಕ್ಕೆ ಎಂದೂ ಬರವಿಲ್ಲ. ಆದರೆ ಕಾಯಿ ಬಲಿಯತೊಡಗಿದರೆ ಗಿಡ ಹೂವಿನ ಕಡೆ ಕಡಿಮೆ ಗಮನ ಕೊಡುತ್ತದೆ. ಬೀಜಕ್ಕೆ ಬೇಕಾದ ನಾಲ್ಕಾರು ಕಾಯಿ ಬಿಟ್ಟು ಉಳಿದವನ್ನು ಎಳೆಯದಾಗಿದ್ದಾಗಲೇ ತೆಗೆಯುತ್ತಿರಿ. ಒಂದೊಂದು ಹೂವು ಇರುವುದೇ ಸುಮಾರು ಒಂದು ದಿನ, ಆದ್ದರಿಂದ ಹೊಸ ಮೊಗ್ಗುಗಳು ಬರುತ್ತಲೇ ಇರಬೇಕು.

ಕೀಟಗಳ ಕಾಟ ಕಡಿಮೆ. ಈ ಗಿಡದ ಅಂಗಾಂಶಗಳಲ್ಲಿ ಸೈಕ್ಲೋಟೈಡ್ ಎಂಬ, ಉಂಗುರದಂತೆ ತುದಿ ಕೂಡಿಕೊಂಡ ಸಣ್ಣ ಪ್ರೋಟೀನುಗಳಿವೆ, ಅವು ಹಲವು ಕೀಟಗಳಿಗೆ ಒಗ್ಗುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಇದರ ರಸಸಾರದಿಂದ ಹತ್ತಿ ಬೆಳೆಗೆ ಕೀಟನಾಶಕವನ್ನೇ ಮಾಡಿದ್ದಾರೆ. ಹಾಗಿದ್ದರೂ ಸಾರಜನಕ ತಿಂದು ಕೊಬ್ಬಿದ ಎಳೆಚಿಗುರಿಗೆ ಹೇನು, ಬಿಳಿ ನೊಣ ಬರುತ್ತವೆ. ಒಣಹವೆಯಲ್ಲಿ ಎಲೆಯ ಅಡಿಗೆ ನುಸಿ ಹತ್ತಿ ಎಲೆ ಚುಕ್ಕಿಚುಕ್ಕಿಯಾಗಿ ಬಿಳಚಿಕೊಳ್ಳುತ್ತದೆ. ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಹಾಯಿಸಿದರೆ ಸಾಮಾನ್ಯವಾಗಿ ಹೋಗುತ್ತವೆ, ಹೋಗದಿದ್ದರೆ ಸಂಜೆ ಹೊತ್ತು ಬೇವಿನೆಣ್ಣೆ ಸಿಂಪಡಿಸಿ.

ಚಳಿಗಾಲದಲ್ಲಿ ಬಳ್ಳಿ ಬಡವಾಗಿ, ಎಲೆ ಉದುರಿ ಸತ್ತಂತೆ ಕಂಡರೆ ಕಿತ್ತೆಸೆಯಬೇಡಿ. ಇದು ಹಲವು ವರ್ಷ ಬಾಳುವ ಗಿಡ. ನೆಲದಿಂದ ಒಂದು ಮೊಳ ಬಿಟ್ಟು ಕತ್ತರಿಸಿ, ನೀರು ಕಡಿಮೆ ಮಾಡಿ, ಬಿಸಿ ಏರುವವರೆಗೆ ಕಾಯಿರಿ. ಹಿಮ ಬೀಳುವ ಊರಿನಲ್ಲಿದ್ದರೆ ಮಾತ್ರ ಪ್ರತಿ ವರ್ಷ ಹೊಸದಾಗಿ ಬಿತ್ತುವುದೇ ದಾರಿ.

ಬೇಲಿಗೆ ಮತ್ತೆ ಬೀಜಕ್ಕೆ ಹೋಗುವುದಾದರೆ ಕಾಯಿ ಪೂರ್ತಿ ಕಂದಾಗಿ, ಅಲುಗಿಸಿದರೆ ಒಳಗೆ ಬೀಜ ಗಲಗಲ ಎನ್ನುವಾಗ ಬಿಡಿಸಿ. ಒಂದೆರಡು ದಿನ ತಡವಾದರೂ ಬಿಸಿಲಿಗೆ ಕಾಯಿಯ ಎರಡು ಸಿಪ್ಪೆಗಳು ತಿರುಚಿಕೊಂಡು ಸಿಡಿದು ಬೀಜ ದೂರ ಹಾರುತ್ತದೆ. ಒಂದು ಬಳ್ಳಿಯ ಕಾಲುಭಾಗಕ್ಕಿಂತ ಹೆಚ್ಚು ಕಾಯಿ ತರಬೇಡಿ, ಉಳಿದದ್ದು ಆ ಜಾಗಕ್ಕೇ ಸೇರಲಿ. ಮನೆಯಲ್ಲಿ ಕಾಯಿಗಳನ್ನು ಕಾಗದದ ಚೀಲದಲ್ಲಿಟ್ಟು ಬಾಯಿ ಮಡಚಿಡಿ, ಅದರೊಳಗೇ ಸಿಡಿದು ಬೀಜ ತಳಕ್ಕೆ ಬೀಳುತ್ತದೆ. ಬಿತ್ತುವ ದಿನದವರೆಗೆ ಉಜ್ಜದೆಯೇ ಇಡಿ, ಏಕೆಂದರೆ ಸಿಪ್ಪೆ ಗೀರಿದ ಬೀಜ ಹೆಚ್ಚು ದಿನ ತಾಳುವುದಿಲ್ಲ. ಚಿಕ್ಕ ಮಕ್ಕಳಿರುವ ಮನೆಯಾದರೆ ಬೀಜದ ಚೀಲವನ್ನು ಎತ್ತರದಲ್ಲಿಡಿ. ಬೀಜ, ಬೇರು ಎರಡೂ ಜೋರಾಗಿ ಭೇದಿ ಮಾಡಿಸುತ್ತವೆ, ಮಕ್ಕಳ ಬಾಯಿಗೆ ಅವು ಹೋಗಬಾರದು.